ಎಂಟು ಸೆಲ್ಲಿನ ಬ್ಯಾಟರಿ

ಮೆಹಕರದ ಟೇಲರ್ ಪಂಢರಿಗೆ ಸಂಕಟ ಬಂದದ್ದು ಬರಗಾಲದಿಂದಲ್ಲ, ಬೀದರಿನಿಂದ ತಂದ ಬ್ಯಾಟರಿಯಿಂದ.

ಅಂಗಡಿಯ ಅಬ್ದುಲ ಖಾದರ ಎರಡು ಟಾರ್ಚ್ ಬ್ಯಾಟರಿ ಮುಂದಿಟ್ಟಿದ್ದ. "ಟೇಲರ್ ಸಾಬ್, ಈ ಪ್ಲಾಸ್ಟಿಕಿಂದು ಬಂದ್ ಆತಂದ್ರ ಬಿಸಾಕೋದೇ, ಬಿಚ್ಚಲಿಕ್ಕ ಬರಂಗಿಲ್ಲ. ಇದು ನೋಡ್ರಿ, ತಲಿ ಬ್ಯಾರೆ, ನಳಿಗಿ ಬ್ಯಾರೆ, ಗುಂಡಿ ಬ್ಯಾರೆ. ಇವತ್ತು ಎರಡು ಸೆಲ್ಲು. ನಾಳಿ ಮೂರು ಸೆಲ್ಲಿನ ಇನ್ನೊಂದು ನಳಿಗಿ ತಿರುವಿದ್ರ ಐದು. ಮಗಾ ಬೆಳದಂಗ ಬೆಳೀತದ!"

ಮಕ್ಕಳಿಲ್ಲದ ಪಂಢರಿ ಅದನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.

ಮರುದಿನ ಬೆಳಿಗ್ಗೆಯೇ ಪಂಚಾಯಿತಿ ಮೆಂಬರ್ ಏಕನಾಥ ಬಾಗಿಲಿಗೆ ಬಂದ. ಟ್ಯಾಂಕರ್ ನಾಲ್ಕು ದಿನಕ್ಕೊಮ್ಮೆ ಬರುತ್ತಿತ್ತು. ಊರ ಬಾವಿಯ ತಳದಲ್ಲಿ ಸೆಲೆ ಉಳಿದಿದೆಯೋ ಇಲ್ಲವೋ, ಯಾರಾದರೂ ಇಳಿದು ನೋಡಬೇಕಿತ್ತು.

"ಹುಡುಗ್ರೆಲ್ಲ ಹೈದ್ರಾಬಾದಿಗೆ ದುಡೀಲಿಕ್ಕ ಹೋಗ್ಯಾರ. ಉರಿಯೋ ಬ್ಯಾಟ್ರಿ ಇದ್ದಾವ ನೀ ಒಬ್ಬನೇ. ಮೂರು ಗಂಟೆಕ್ಕ ಇಳಿಯಪಾ."

"ಇಳೀತಾರ ತಗೋರಿ!" ಒಳಗಿನಿಂದ ಹೆಂಡತಿ ಅಂಜನಾಬಾಯಿಯೇ ಒಪ್ಪಿಬಿಟ್ಟಳು.

ಆ ಬಾವಿಯಲ್ಲಿ ತೊಲೆಯಷ್ಟು ದಪ್ಪದ ಹಾವಿದೆಯೆಂದು ಊರೆಲ್ಲ ಮಾತು. ಪಂಢರಿಯೋ, ಎರೆಹುಳ ಕಂಡರೂ ಹೊಲಿಗೆ ಮಶೀನಿನ ಮೇಲೆ ಹತ್ತಿ ಕೂರುವ ಗಂಡು.

ಅಷ್ಟರಲ್ಲಿ ಪಕ್ಕದ ಮನೆಯ ಮುನ್ನಿಬೀ ಬಂದಳು. "ಭಾಯಿ, ರೇಡಿಯೋದಾಗ ಮಳಿ ಸುದ್ದಿ ಕೇಳಬೇಕ್ರಿ. ಐದರಾಗ ಎರಡು ಸೆಲ್ಲು ಮುಗದಾವ, ಕೊಡ್ತೀರೇನು?"

ಪಂಢರಿಯ ತಲೆಯಲ್ಲಿ ದೀಪ ಹತ್ತಿತು. "ಸೆಲ್ಲು ಯಾಕ್ರಿ, ನಳಿಗೀನೇ ಒಯ್ರಿ!"

ಮೋಟರ್‌ಸೈಕಲ್ ಮಿಸ್ತ್ರಿ ಲಾಲ ಅಹ್ಮದನ ಬ್ಯಾಟರಿಯ ಗಾಜು ಒಡೆದಿತ್ತು. ಅವನಿಗೆ ತಲೆ ಹೋಯಿತು. ಕಡೆಗೆ ಏಕನಾಥನೇ ತಿರುಗಿ ಬಂದು, "ನನ್ನ ಬ್ಯಾಟ್ರಿ ಗುಂಡಿ ಕೆಟ್ಟದ, ನಿಂದು ಹಾಕಿ ನೋಡ್ತೇನಿ" ಅಂದ. ಪಂಢರಿ ಗುಂಡಿಯನ್ನು ಎರಡೂ ಕೈಯಿಂದ ದಾನ ಮಾಡಿದ.

ಆಮೇಲೆ ಎರಡು ರೊಟ್ಟಿ ಹೆಚ್ಚಿಗೆ ತಿಂದು, ಕರು ಹಾಕಿದ ಎಮ್ಮೆಯಂತೆ ನಿರಾಳವಾಗಿ ನಿದ್ದೆ ಹೋದ. ಬ್ಯಾಟರಿ ಇಲ್ಲ, ಬಾವಿ ಇಲ್ಲ, ಹಾವಿಲ್ಲ.

ಮೂರಕ್ಕೆ ಬಾವಿಯ ಹತ್ತಿರ ಹೋಗಿ ಕೈ ಬೀಸಿದ. "ಏನ್ ಮಾಡ್ಲಿರೀ, ಬ್ಯಾಟ್ರಿ ಒಂದೊಂದು ತುಂಡು ಒಂದೊಂದು ಮನ್ಯಾಗದ..."

"ಬಂದದ ಬಂದದ!" ಮುನ್ನಿಬೀ ನಳಿಗೆ ಎತ್ತಿ ತೋರಿಸಿದಳು. "ರೇಡಿಯೋಂದೂ ಮೂರು ಸೆಲ್ಲು ತಂದೀನ್ರಿ."

"ನನ್ನವೂ ಮೂರು, ನಳಿಗಿ ಸುದ್ದಾ," ಎಂದ ಗುಂಡಿ ಹಿಡಿದು ಬಂದ ಏಕನಾಥ. ಅವನ ಮನೆಯಲ್ಲಿ ಅದೇ ಜಾತಿಯ ಎರಡು ನಳಿಗೆ ಇದ್ದವು. ಲಾಲ ಅಹ್ಮದ ತಲೆಯೊಳಗೆ ಮೋಟರ್‌ಸೈಕಲ್ಲಿನ ಬಲ್ಬು ಕೂರಿಸಿ ತಂದಿದ್ದ. ತಿರುವಿದರು, ತಿರುವಿದರು. ಎಂಟು ಸೆಲ್ಲಿನ ಬ್ಯಾಟರಿ ಒನಕೆಯಷ್ಟು ಉದ್ದವಾಯಿತು. ಗುಂಡಿ ಒತ್ತಿದರೆ ಹಾಡುಹಗಲಲ್ಲೇ ಎದುರಿನ ಕೋಳಿ ಕಣ್ಣು ಮುಚ್ಚಿತು.

"ಖಾದರಭಾಯಿ ಹೇಳಿದ್ದು ಖರೇ ನೋಡ್ರಿ, ಒಂದೇ ದಿನದಾಗ ಬೆಳೀತು!" ಅಂಜನಾಬಾಯಿ ಹಿಗ್ಗಿದಳು.

ಪಂಢರಿಯನ್ನು ಬುಟ್ಟಿಯಲ್ಲಿ ಕೂರಿಸಿ ಇಳಿಸಿದರು. ತಳಕ್ಕೆ ಕಾಲು ತಾಗಿತು. ಬೆಳಕು ಬಿಟ್ಟ. ಮೂಲೆಯಲ್ಲಿ ಕಪ್ಪಗೆ, ದಪ್ಪಗೆ ಸುರುಳಿ! ಪಂಢರಿ ಮತ್ತೆ ಬುಟ್ಟಿಗೆ ಹಾರಿ ಕೂತ. ಸುರುಳಿ ಅಲುಗಲಿಲ್ಲ. ಸರಿಯಾಗಿ ನೋಡಿದರೆ, ಹೋದ ವರ್ಷ ಬಾವಿಗೆ ಬಿದ್ದ ಮೋಟರಿನ ಪೈಪು.

ಪಂಢರಿ ಬಾವಿ ತುಂಬುವಂತೆ ನಕ್ಕ. ನಗುತ್ತಲೇ ಗೋಡೆಯತ್ತ ಬೆಳಕು ತಿರುಗಿಸಿದರೆ, ಕಲ್ಲಿನ ಸಂದಿಯಲ್ಲಿ ದಾರದಷ್ಟು ನೀರು ಜಿನುಗುತ್ತಿತ್ತು.

"ಸೆಲಿ ಅದರೀ! ಹಾವಿಲ್ರೀ!"

ಮೇಲೆ ಕೇಕೆ ಎದ್ದಿತು. "ಶಾಬಾಶ್ ಟೇಲರ್! ಹಗ್ಗ ಹಳೀದದ, ತೂಕ ತಡೆಯಂಗಿಲ್ಲ. ಮೊದಲ ಬ್ಯಾಟ್ರಿ ಕಳಸು, ಆಮ್ಯಾಲ ನೀ ಬಾ!"

ಬುಟ್ಟಿಯಲ್ಲಿ ಬ್ಯಾಟರಿ ಏರಿ ಹೋಯಿತು. ಮೇಲೆ ತಿರುವುವ ಸದ್ದು ಕೇಳಿತು.

"ಬಲ್ಬು ನಂದು, ಗಿರಾಕಿ ಕಾಯ್ಲಿಕತ್ತಾನ."

"ಸೆಲ್ಲು ಕೊಡ್ರಿ, ಸುದ್ದಿ ಟೈಮ್ ಆತು."

"ನಳಿಗಿ ಎರಡೂ ನನ್ನವು."

ಸ್ವಲ್ಪ ಹೊತ್ತಿಗೆ ಬುಟ್ಟಿ ಕುಲುಕುತ್ತ ಕೆಳಗಿಳಿಯಿತು. ಪಂಢರಿ ಖುಷಿಯಿಂದ ಕಾಲೆತ್ತಿದ. ಬುಟ್ಟಿಯೊಳಗೆ ಬಲ್ಬಿಲ್ಲದ ತಲೆ, ಸೆಲ್ಲಿಲ್ಲದ ನಳಿಗೆ, ಒಂದು ಗುಂಡಿ. ಅವುಗಳ ಪಕ್ಕದಲ್ಲಿ ಉದ್ದ ಹಿಡಿಕೆಯ ಸಲಿಕೆ.

"ನಿಂದು ನಿನಗ ಬಂತಲ್ಲಪಾ?" ಏಕನಾಥ ಮೇಲಿನಿಂದ ಕೂಗಿದ. "ಹೆಂಗೂ ಇಳದೀದಿ, ಹಾವಂತೂ ಇಲ್ಲ. ಹೂಳೂ ತಗದುಬಿಟ್ಟೇ ಮ್ಯಾಲ ಬಾ!"