ಎಂಟು ಲೀಟರ್ ಸಾರು, ಎಂಬತ್ತು ಗ್ರಾಂ ಉಪ್ಪು

"ಕ್ಲಾಸೂ ಬೇಡ, ಗೀಸೂ ಬೇಡ! ವಾಗ್ಳೆ ಎಸ್ಟೇಟಿನ ಫ್ಯಾಕ್ಟರಿ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ದ್ರಾವಣ ಮಾಡಿದವ ನಾನು. ಸಾಂದ್ರತೆ ಅಂದ್ರೆ ಎಂತದು ಅಂತ ಮನೆಯಲ್ಲೇ ಕಲಿಸ್ತೇನೆ!" ಹಯಗ್ರೀವರು ಗುಡುಗಿದರು.

ಹನ್ನೆರಡನೆಯ ತರಗತಿಯ ಮಗಳು ಅಪೇಕ್ಷಾ ಅದೇ ಪಾಠದಲ್ಲಿ ಸೊನ್ನೆ ಸುತ್ತಿಸಿಕೊಂಡು ಬಂದಿದ್ದಳು. "ಪಪ್ಪಾ, ಪ್ಲೀಜ್ ನಾ! ರಸ್ತೆ ನಾಕಾದ ಟ್ಯೂಷನ್ ಕ್ಲಾಸಲ್ಲಿ ಒಂದೇ ಸೀಟು ಉಳಿದಿದೆ."

"ಭಾನುವಾರ ಪೂಜೆಗೆ ನಲವತ್ತು ಜನರ ಸಾರು ನಾನೇ ಮಾಡ್ತೇನೆ, ಲೆಕ್ಕ ಹಾಕಿ. ತಪ್ಪಿದ್ರೆ ಕ್ಲಾಸಿಗೆ ಸೇರಿಸ್ತೇನೆ, ಆಯ್ತಾ?"

ಹೆಂಡತಿ ಶ್ರೀಮತಿ ಹಣೆ ಚಚ್ಚಿಕೊಂಡರು. ನೈವೇದ್ಯಕ್ಕೆ ಮೊದಲು ರುಚಿ ನೋಡುವ ಹಾಗಿಲ್ಲವಲ್ಲ! ಲೆಕ್ಕ ಬಲ್ಲವನಿಗೆ ನಾಲಿಗೆ ಯಾಕೆ ಎಂದು ಗಂಡನ ವಾದ. ಎಂಟು ಲೀಟರ್ ಸಾರು, ಲೀಟರಿಗೆ ಹತ್ತು ಗ್ರಾಂ. ಎಂಬತ್ತು ಗ್ರಾಂ ಉಪ್ಪನ್ನು ಹಯಗ್ರೀವರು ತೂಗಿ ಸುರಿದರು.

ಅಷ್ಟರಲ್ಲಿ ಹಳಿ ರಿಪೇರಿಯ ಮೆಗಾಬ್ಲಾಕ್! ಪೂಜೆಯ ಭಟ್ಟರು ಬರುತ್ತಿದ್ದ ಲೋಕಲ್ ರೈಲು ದಾರಿಯಲ್ಲೇ ನಿಂತಿತು. ಸಾರನ್ನು ಸಣ್ಣ ಉರಿಯಲ್ಲಿಟ್ಟು ಹಯಗ್ರೀವರು ಸ್ಟೇಷನ್ನಿಗೆ ಓಡಿದರು. ಎರಡು ಗಂಟೆ ಕಾದು, ಭಟ್ಟರನ್ನು ಕರೆತಂದು ಪಾತ್ರೆ ಇಣುಕಿದರೆ ನಾಲ್ಕೇ ಲೀಟರ್!

ಅಯ್ಯೋ ದೇವರೇ! ನೀರು ಅರ್ಧ ಆವಿಯಾಗಿದೆ, ಉಪ್ಪು ಅಷ್ಟೇ ಇದೆ. ಸಾರು ದುಪ್ಪಟ್ಟು ಉಪ್ಪಾಯಿತು! ಇಪ್ಪತ್ತೆರಡು ವರ್ಷದ ಮಾನ ಹೋಯಿತು! ಆದರೂ ಲೆಕ್ಕ ತಪ್ಪಲಿಲ್ಲ. ಯಾರಿಗೂ ಕಾಣದ ಹಾಗೆ ನಾಲ್ಕು ಲೀಟರ್ ಬಿಸಿನೀರು ಸುರಿದು ಬೆವರೊರೆಸಿಕೊಂಡರು.

ನೈವೇದ್ಯವಾಯಿತು. ಎಲೆ ಹಾಕಿ ಬಡಿಸಿದರು. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಶ್ರೀಮತಿಯ ಅಣ್ಣ ಮೋಹನದಾಸರು ಮೊದಲ ತುತ್ತು ಬಾಯಿಗಿಟ್ಟು ಕಣ್ಣುಮುಚ್ಚಿದರು.

"ಭಾವ, ಕೈ ತೊಳೆಯುವ ನೀರನ್ನು ಎಲೆಗೇ ಬಡಿಸಿದ್ರಾ?"

ಪಂಕ್ತಿಯಲ್ಲಿ ನಗುವೋ ನಗು. ಶ್ರೀಮತಿ ಸಾರಿನ ಪಾತ್ರೆ ನೋಡಿ ಹೌಹಾರಿದರು. "ಇದೆಂತ ಮಾರಾಯ್ರೆ, ಪುನಃ ತುಂಬಿದೆ? ಒಲೆಯಿಂದ ಇಳಿಸ್ಲಿಕ್ಕೆ ಭಾರ ಅಂತ ನೀವು ಹೋದ ಕೂಡ್ಲೆ ಅರ್ಧ ಸಾರನ್ನು ನಾನೇ ಬೇರೆ ಪಾತ್ರೆಗೆ ತೆಗೆದಿಟ್ಟಿದ್ದೆ!"

ಹಯಗ್ರೀವರಿಗೆ ನೆಲ ಬಾಯಿಬಿಟ್ಟರೆ ಸಾಕೆನಿಸಿತು. ಭಾವನ ಮಾತು ಹಾಗಿರಲಿ, ದೇವರಿಗೂ ಅದೇ ನೀರು ನೈವೇದ್ಯವಾಗಿತ್ತು! ಇನ್ನು ಫ್ಯಾಕ್ಟರಿಯಲ್ಲಿ ಯಾವ ಮುಖ ಹೊತ್ತು ದ್ರಾವಣ ಕಲಕುವುದು? ಅಡುಗೆಮನೆಯ ಮೂಲೆಯಲ್ಲಿ ತಲೆ ಹಿಡಿದು ಕುಳಿತರು.

ಅಪೇಕ್ಷಾ ಮೆಲ್ಲಗೆ ಪಕ್ಕಕ್ಕೆ ಬಂದು ಕೂತಳು. ಮುಖವೆಲ್ಲ ಬೆಳಕು.

"ಪಪ್ಪಾ, ಆತಾ ಸಮಜ್‌ಲಂ! ಈಗ ಅರ್ಥ ಆಯ್ತು! ಆವಿಯಾದ್ರೆ ಸಾಂದ್ರತೆ ಏರ್ತದೆ. ಅರ್ಧ ತೆಗೆದಿಟ್ರೆ ಇದ್ದಷ್ಟೇ ಇರ್ತದೆ. ಕರೆಕ್ಟ್ ನಾ?"

"ಹೌದು ಮಗಾ," ಎಂದರು ಕ್ಷೀಣ ದನಿಯಲ್ಲಿ.

"ಹಾಗಾದ್ರೆ ನಂಗೆ ಕ್ಲಾಸ್ ಬೇಡ. ಆ ಸೀಟಿಗೆ ನಿಮ್ಮ ಹೆಸರು ಬರೆಸ್ಲಾ?"