ಅಕ್ಕನ ಹಾಡು ನುಂಗಿದ ಕೆಂಪು ವೈರು

ದೇವರು ಕೆಲವರಿಗೆ ರಿಪೇರಿ ಮಾಡುವ ಕೈ ಕೊಟ್ಟಿರುತ್ತಾನೆ. ಇನ್ನು ಕೆಲವರಿಗೆ ರಿಪೇರಿ ಮಾಡಬಲ್ಲೆ ಎಂಬ ಧೈರ್ಯವನ್ನಷ್ಟೇ ಕೊಟ್ಟು ಕಳಿಸಿರುತ್ತಾನೆ. ನಾನು ಎರಡನೇ ಪಂಗಡದವನು ಎಂದು ನನ್ನ ಹೆಂಡತಿ ಸುಮಿತ್ರಾ ಮದುವೆಯಾದ ಮೊದಲ ವಾರವೇ, ನಾನು ಬಿಚ್ಚಿ ಹರಡಿದ್ದ ಮಿಕ್ಸಿಯನ್ನು ನೋಡುತ್ತಾ ತೀರ್ಮಾನಿಸಿಬಿಟ್ಟಳು. ನಾನು ಸುಂಟಿಕೊಪ್ಪದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕಥೆ, ಕವನ ಬರೆಯುವವನಲ್ಲ ಮಾರಾಯರೇ, ಇವತ್ತು ಯಾವ ಬ್ಲಾಕಿನಲ್ಲಿ ಪಿಕ್ಕಿಂಗು, ಕೂಲಿಯವರ ಲೈನಿನಿಂದ ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡಿಕೊಳ್ಳುವವನು. ಬೇಸಿಗೆಯಲ್ಲಿ ಸ್ಪ್ರಿಂಕ್ಲರ್ ಪಂಪು ಮುನಿಸಿಕೊಂಡರೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂರುವವನೂ ನಾನೇ. ಮೂರು ಫೇಸಿನ ಮೋಟರಿಗೆ ವೈರು ಕೊಟ್ಟು ಕೊಟ್ಟು ನನಗೊಂದು ಸಿದ್ಧಾಂತ ಸಿದ್ಧಿಸಿತ್ತು: ಮೂರು ವೈರು, ಮೂರು ಜಾಗ, ಕೂರಿಸಿದರೆ ಆಯಿತು. ತಪ್ಪಿದರೆ ಪಂಪು ಉಲ್ಟಾ ತಿರುಗುತ್ತದೆ, ಆಗ ಎರಡನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆ. ಮುಂದಿನ ಅನಾಹುತಕ್ಕೆಲ್ಲ ಈ ಸಿದ್ಧಾಂತವೇ ಮೂಲ.

ನಮ್ಮ ಜಯಕ್ಕನ ಮನೆ ಹಾರಂಗಿ ಕಡೆ. ನಮ್ಮ ಹಿರಿಯರು ಹಾಸನ ಸೀಮೆಯಿಂದ ಬಂದು ಇಲ್ಲಿ ನೆಲೆ ನಿಂತವರು. ಬರುವಾಗ ಪಾತ್ರೆ ಪಗಡ ಏನು ತಂದರೋ ಗೊತ್ತಿಲ್ಲ, ಬೀಗರನ್ನು ಹಾಡಿನಲ್ಲೇ ಜರೆಯುವ ಕಲೆಯನ್ನು ಮಾತ್ರ ಬಿಡದೆ ತಂದಿದ್ದಾರೆ. ಮದುವೆಯಲ್ಲಿ ಎರಡೂ ಕಡೆಯ ಹೆಂಗಸರು ಎದುರುಬದುರು ಕೂತು, ಗಂಡಿನ ಮೂಗು, ಬೀಗಿತ್ತಿಯ ನಡಿಗೆ, ಮಾವನ ಹೊಟ್ಟೆ ಯಾವುದನ್ನೂ ಬಿಡದೆ ಹಾಡು ಕಟ್ಟಿ ಎಸೆಯುತ್ತಾರೆ. ಯಾರೂ ಸಿಟ್ಟಾಗುವಂತಿಲ್ಲ. ಉತ್ತರ ಕೊಡಲಾಗದ ಕಡೆಯವರು ಮಾತ್ರ ಊಟದ ಪಂಕ್ತಿಯಲ್ಲೂ ತಲೆ ಎತ್ತುವಂತಿಲ್ಲ. ನಮ್ಮ ಕಡೆ ಇಷ್ಟು ವರ್ಷ ಜಯಕ್ಕನೇ ಮುಂದಾಳು. ಅವಳು ಎತ್ತಿಕೊಟ್ಟದ್ದನ್ನು ಉಳಿದ ಆರು ಜನ ಹೆಂಗಸರು ಹಿಂದಿನಿಂದ ಹೇಳುತ್ತಾರೆ. ಹಾಳೆಯಲ್ಲಿ ಒಂದಕ್ಷರವಿಲ್ಲ, ಎಲ್ಲ ಅವಳ ತಲೆಯಲ್ಲಿ.

ಅಂಥ ಅಕ್ಕನ ಗಂಟಲಿಗೆ ಏನೋ ಗಂಟಾಗಿ, ಅದನ್ನು ತೆಗೆಸಿ, ಡಾಕ್ಟರು "ಎರಡು ತಿಂಗಳು ಒಂದು ಮಾತೂ ಕೂಡದು, ಪಿಸುಗುಟ್ಟುವುದೂ ಬೇಡ" ಅಂದುಬಿಟ್ಟರು. ಭಾವ ಮೊದಲ ದಿನ ಸಂತೋಷಪಟ್ಟರು ಎಂದು ಕೇಳಿದ್ದೇನೆ. ಎರಡನೇ ದಿನದಿಂದ ಅಕ್ಕ ಹಳೇ ಕ್ಯಾಲೆಂಡರಿನ ಹಾಳೆ ಹರಿದು ಅದರ ಬೆನ್ನಿಗೆ, ಪ್ರತಿ ಸಾಲಿನ ಕೊನೆಗೂ ಕೊತ್ತಂಬರಿ ಕಾಳಿನಷ್ಟು ದಪ್ಪದ ಚುಕ್ಕಿಯಿಟ್ಟು, ಬರೆದು ಬೈಯಲು ಶುರುಮಾಡಿದಳು. ಬಾಯಿಂದ ಬೈದದ್ದು ಗಾಳಿಗೆ ಹೋಗುತ್ತಿತ್ತು, ಇದು ಟೀಪಾಯಿ ಮೇಲೆ ಹಾಗೇ ಇರುತ್ತದೆ ಎಂದು ಭಾವನ ದುಃಖ.

ಅಷ್ಟರಲ್ಲಿ ಭಾವನ ತಮ್ಮನ ಮಗಳ ಮದುವೆ ಹದಿನೈದು ದಿನಕ್ಕೆ ಬಂತು. ಬೀಗರು ಅರಕಲಗೂಡಿನ ಕಡೆಯವರು, ಅವರ ಹೆಂಗಸರ ತಂಡದ ಮುಂದೆ ಸೋತು ಬಂದವರ ಕಥೆಗಳು ನಮ್ಮಲ್ಲಿವೆ. ಆಗ ಅಕ್ಕನಿಗೆ ನೆನಪಾದದ್ದು ನಾನು. ಹೋದ ವರ್ಷ ಅವಳ ಮಗನ ಮದುವೆಯಲ್ಲಿ ಹಾಡನ್ನೆಲ್ಲ ನನ್ನ ಹೊಸ ಕ್ಯಾಮೆರಾದಲ್ಲಿ ನಾನೇ ಹಿಡಿದಿದ್ದೆ. ಮನೆಗೆ ಕರೆಸಿಕೊಂಡು ಹಾಳೆ ಹಿಡಿದಳು: "ಆ ವಿಡಿಯೋ ಡಿವಿಡಿ ಮಾಡಿ ತಾ. ಇವರೆಲ್ಲ ನೋಡಿ ಕಲೀಬೇಕು." ಫೋನಿಗೆ ಹಾಕಿಕೊಡುತ್ತೇನೆ ಅಂದೆ. ಮರುಹಾಳೆ: "ಏಳು ಜನ ಒಂದು ಫೋನಿಗೆ ಮುತ್ಕೊಳಕ್ಕೆ ನಾವೇನು ನೊಣವಾ?" ಅವಳ ಮನೆಯಲ್ಲಿ ಡಬ್ಬಾ ಟಿವಿ ಇದೆ, ಯಾವುದೋ ಲಕ್ಕಿ ಡ್ರಾದಲ್ಲಿ ಬಂದ ಡಿವಿಡಿ ಪ್ಲೇಯರ್ ಇದೆ. ಸರಿ ಎಂದು ಒಪ್ಪಿಕೊಂಡೆ.

ವಿಡಿಯೋ ಎಡಿಟ್ ಆಗಲೇ ಮಾಡಿಟ್ಟಿದ್ದೆ. ಒಂದು ದೃಶ್ಯ ಮುಗಿದು ಇನ್ನೊಂದು ಬರುವಾಗ ಗುಲಾಬಿ ಅರಳಬೇಕು, ಆಮೇಲೆ ಹೃದಯ ಒಡೆದು ಎರಡಾಗಬೇಕು, ಹೀಗೆ. ಶುರುವಿನಲ್ಲಿ ಹೆಸರು ಬರುವಾಗ ರೆಡಿಮೇಡ್ ನಾದಸ್ವರ ಸೇರಿಸಿದ್ದೆ. ಡಿಸ್ಕ್ ಬರೆದು ಅಕ್ಕನ ಮನೆಗೆ ಒಯ್ದೆ. ಏಳೂ ಜನ ಚಾಪೆ ಹಾಕಿ ಕೂತರು. ನಾದಸ್ವರ ಮನೆ ಹಾರಿಹೋಗುವಂತೆ ಮೊಳಗಿತು. ತೆರೆಯ ಮೇಲೆ ಅಕ್ಕ ಬಾಯಿ ತೆರೆದಳು. ನಿಶ್ಶಬ್ದ. ಕೈ ಬೀಸಿದಳು, ತಲೆ ಕೊಡವಿದಳು, ಎದುರಿನ ಬೀಗಿತ್ತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು, ಏನೊಂದೂ ಕೇಳಿಸಲಿಲ್ಲ. ಚಾಪೆಯ ಮೇಲಿದ್ದ ಅಕ್ಕ ಮಾತಿಲ್ಲದೆ ತೆರೆಯ ಮೇಲಿನ ಮಾತಿಲ್ಲದ ಅಕ್ಕನನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವತ್ತು ಹಾಳೆಯಲ್ಲಿ ಏನೂ ಬರೆಯಲಿಲ್ಲ. ನನಗೆ ಅದರಿಂದಲೇ ಹೆಚ್ಚು ಭಯವಾಯಿತು.

ಮನೆಗೆ ಬಂದು ಅದೇ ಡಿಸ್ಕನ್ನು ಕಂಪ್ಯೂಟರಿಗೆ ಹಾಕಿದೆ. ಹಾಡು ಬಂತು! ಎಷ್ಟು ಚೆನ್ನಾಗಿ ಅಂದರೆ ಅಡುಗೆಮನೆಯಿಂದ ಸುಮಿತ್ರಾ "ಜಯಕ್ಕ ಬಂದ್ರಾ?" ಅಂದಳು. ಇದೆಂಥ ಸೋಜಿಗ! ಟಿವಿ ಕೆಟ್ಟಿದೆ ಅನ್ನೋಣವೆಂದರೆ ನಾದಸ್ವರ ಬಂದಿತ್ತಲ್ಲ. ಅಲ್ಲಿಂದ ನನಗೆ ಹುಚ್ಚು ಹಿಡಿಯಿತು. ಡಿವಿಡಿಗೆ ಬೇರೆ ಜಾತಿಯ ಆಡಿಯೋ ಬೇಕು ಎಂದು ಯಾರೋ ಹೇಳಿದರು, ಜಾತಿ ಬದಲಿಸಿದೆ. ನಲವತ್ತನಾಲ್ಕು ಇದ್ದದ್ದನ್ನು ನಲವತ್ತೆಂಟು ಮಾಡಿ ಅಂದರು, ಏನು ನಲವತ್ತೆಂಟು ಎಂದು ಕೇಳದೆ ಮಾಡಿದೆ. ನಿಧಾನವಾಗಿ ಬರೆದರೆ ಅಕ್ಷರ ದುಂಡಗೆ ಬರುವಂತೆ ಡಿಸ್ಕನ್ನೂ ನಿಧಾನವಾಗಿ ಬರೆದು ನೋಡಿದೆ. ಪ್ರತಿ ಸಲ ಮೊದಲ ಸಾಲು ಕೇಳಿಸುತ್ತಿದ್ದಂತೆ "ಸೌಂಡ್ ಇದೆ" ಎಂದು ನಿಲ್ಲಿಸಿ, ಬೈಕಿನಲ್ಲಿ ಹಾರಂಗಿಗೆ ಓಡುವುದು, ಅಲ್ಲಿ ನಾದಸ್ವರ ಮುಗಿದ ಕೂಡಲೇ ಮೌನ. ಕೆಟ್ಟ ಡಿಸ್ಕುಗಳನ್ನು ಸುಮಿತ್ರಾ ಕೋತಿ ಬೆದರಲಿ ಎಂದು ಹೀರೇಕಾಯಿ ಚಪ್ಪರಕ್ಕೆ ಕಟ್ಟಿದಳು. ಕೋತಿಗಳು ಬಂದು ಅದರಲ್ಲಿ ಮುಖ ನೋಡಿಕೊಂಡು, ಹೀರೇಕಾಯಿ ತಿಂದು ಹೋದವು. ಒಂದು ಸಲ ಹೆಡ್‌ಫೋನ್ ಹಾಕಿ ಕೇಳಿದಾಗ ಇನ್ನೊಂದು ವಿಚಿತ್ರ ಕಂಡಿತು: ಅಕ್ಕನ ದನಿ ಮುಂದಿನಿಂದ ಬರದೆ ನನ್ನ ತಲೆಯ ಹಿಂದೆಲ್ಲೋ ನಿಂತು ಹಾಡಿದಂತಿತ್ತು. ತಿರುಗಿಯೂ ನೋಡಿದೆ.

ಮದುವೆಗೆ ಆರು ದಿನ ಉಳಿದಾಗ ತೋಟದ ಕೆಲಸಕ್ಕೆ ಗೋಣಿಕೊಪ್ಪಲಿಗೆ ಹೋದವನು ಸೌಂಡ್ ಸರ್ವಿಸಿನ ಹಂಸಣ್ಣನ ಅಂಗಡಿಗೆ ನುಗ್ಗಿದೆ. ಹಾಡು ಹಿಡಿಯುವಾಗ ಮೈಕಿನಿಂದ ಕ್ಯಾಮೆರಾದವರೆಗೆ ಎಳೆಯಲು ಉದ್ದದ ಕೇಬಲ್ ತಂದದ್ದು ಅವರ ಹತ್ತಿರವೇ. ಎಲ್ಲ ಕೇಳಿದ ಮೇಲೆ ಹಂಸಣ್ಣ ಸ್ಪೀಕರಿನ ಧೂಳು ಒರೆಸುವುದನ್ನು ನಿಲ್ಲಿಸಿದರು.

"ಆ ಕೇಬಲಿನ ತುದಿಗೆ ಕ್ಯಾಮೆರಾದ ಪಿನ್ ಹಾಕಿದ್ದು ಯಾರು?"

"ನಾನೇ."

"ಹೆಂಗೆ ಹಾಕಿದ್ರಿ?"

"ಮೂರು ವೈರು ಇತ್ತು, ಪಿನ್ನಲ್ಲಿ ಮೂರು ಜಾಗ ಇತ್ತು. ಕೂರಿಸಿದೆ."

"ಅಯ್ಯೋ ಪಡಚ್ಚೋನೇ!" ಎಂದು ದೇವರನ್ನು ಕರೆದು ಹಣೆಗೆ ಕೈ ಹೊಡೆದುಕೊಂಡರು. "ಸಾರೆ, ಇದೇನು ನಿಮ್ಮ ತೋಟದ ಪಂಪಾ? ಆ ಮೂರರಲ್ಲಿ ಎರಡು ವೈರು ಒಂದೇ ಹಾಡನ್ನ ತರ್ತದೆ, ಒಂದು ಸೀದಾ, ಒಂದು ಉಲ್ಟಾ. ನೀವು ಸೀದಾನ ಎಡಕ್ಕೆ ಕೊಟ್ರಿ, ಉಲ್ಟಾನ ಬಲಕ್ಕೆ ಕೊಟ್ರಿ. ಕಂಪ್ಯೂಟರಲ್ಲಿ ಎರಡು ಸ್ಪೀಕರ್, ಬೇರೆ ಬೇರೆ ಹಾಡ್ತದೆ, ಕೇಳ್ತದೆ. ಅಕ್ಕನ ಟಿವಿಯಲ್ಲಿ ಒಂದೇ ಸ್ಪೀಕರ್. ಎರಡೂ ಅಲ್ಲಿ ಸೇರಿ ಹೊಡೆದಾಡಿ ಸಾಯ್ತದೆ. ಪ್ಲೇಯರಿಂದ ಟಿವಿಗೆ ಹೋಗೋ ಕೆಂಪು ವೈರು ಕಿತ್ತು ಬಿಸಾಡಿ, ಬಿಳಿದು ಒಂದೇ ಇರ್ಲಿ."

ನಾದಸ್ವರ ಆಮೇಲೆ ಸೇರಿಸಿದ ರೆಡಿಮೇಡ್ ಮಾಲು, ನನ್ನ ಕೇಬಲ್ ಸೋಕದ್ದರಿಂದ ಬದುಕಿಕೊಂಡಿತ್ತು. ಎರಡು ಜನ ಒಂದೇ ಉಸಿರಿಗೆ ಹೌದು, ಅಲ್ಲ ಎಂದು ಕೂಗಿದರೆ ಕೇಳುವವನಿಗೆ ಏನೂ ತಿಳಿಯದು, ಇದು ನಮ್ಮ ಮನೆಯಲ್ಲೇ ದಿನಾ ನಡೆಯುವುದರಿಂದ ಅರ್ಥವಾಯಿತು. ಆದರೂ ವೈರು ಕಿತ್ತರೆ ಸೌಂಡು ಬರುತ್ತದೆ ಎಂಬುದನ್ನು ಮೂವತ್ತು ವರ್ಷ ವೈರು ಜೋಡಿಸಿದ ಮನಸ್ಸು ಒಪ್ಪಬೇಕಲ್ಲ.

ಸಂಜೆ ಹಾರಂಗಿಗೆ ಹೋದೆ. ಡಿಸ್ಕ್ ಹಾಕಿದೆ, ನಾದಸ್ವರ ಮುಗಿಯಿತು, ಅಕ್ಕ ಬಾಯಿ ತೆರೆದಳು, ಮೌನ. ಟಿವಿಯ ಹಿಂದೆ ಕೈ ಹಾಕಿ ಕೆಂಪು ವೈರು ಎಳೆದೆ. ಹಾಡು ಮನೆ ತುಂಬಿತು! ನನ್ನ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಅಕ್ಕ ಚಾಪೆಯ ಮೇಲೆ ತನ್ನದೇ ದನಿಗೆ ತಾಳ ಹಾಕುತ್ತಿದ್ದಳು, ಆರು ಜನ ಹಿಂದೆ ಹೇಳಿಕೊಳ್ಳತೊಡಗಿದರು. ಗೆದ್ದೆನೆಂದು ಕಾಲು ಚಾಚಿ ಕೂತೆ. ಅಷ್ಟು ದಿನಕ್ಕೆ ಮೊದಲ ಬಾರಿ ಎರಡನೇ ಸಾಲು, ಮೂರನೇ ಸಾಲು ಕೇಳಿಸಿಕೊಂಡೆ. ಬೀಗರ ಮೂಗು ಮುಗಿಯಿತು, ಹೊಟ್ಟೆ ಮುಗಿಯಿತು. ಆಮೇಲೆ ತೆರೆಯ ಮೇಲಿನ ಅಕ್ಕ ಕ್ಯಾಮೆರಾ ಕಡೆಗೇ ತಿರುಗಿದಳು:

"ಕಣ್ಣೀಗೆ ಗಾಜಿಟ್ಟು ಕುಣಿಯೋ ನನ್ನ ತಮ್ಮಯ್ಯ
ಕಿವಿಯೆಲ್ಲಿ ಬಿಟ್ಟು ಬಂದ್ಯಪ್ಪಾ, ಬೀಗಿತ್ತಿ
ಬೈದಾರೂ ಹಲ್ಲು ಕಿರಿತಾನೆ!"

ಅದರ ಬೆನ್ನಿಗೇ ಟಿವಿಯಿಂದ ನನ್ನ ದನಿ ಬಂತು, ಬಹಳ ಉತ್ಸಾಹದಲ್ಲಿತ್ತು: "ಸೂಪರ್ ಅಕ್ಕ, ಭಾರಿ ಚೆನ್ನಾಗಿದೆ! ಲೈಟ್ ಸರಿ ಇರ್ಲಿಲ್ಲ, ಇದನ್ನೇ ಇನ್ನೊಂದು ಸಲ ಹೇಳಿ, ಎಲ್ಲರೂ ಹೇಳಿ!" ಎಲ್ಲರೂ ಹೇಳಿದ್ದರು. ಬೀಗರ ಕಡೆಯವರೂ ಸೇರಿ ಹೇಳಿದ್ದರು. ಆವತ್ತು ಚಪ್ಪರವೆಲ್ಲ ಬಿದ್ದು ಬಿದ್ದು ನಕ್ಕಾಗ, ಎಷ್ಟು ಚೆನ್ನಾಗಿ ಪೋಸು ಕೊಡುತ್ತಿದ್ದಾರೆ ಎಂದು ನಾನು ಜೂಮ್ ಮಾಡಿದ್ದೆ. ಸೌಂಡ್ ಮುಚ್ಚಿ, ಬರೀ ಚಿತ್ರ ನೋಡುತ್ತಾ ಎಡಿಟ್ ಮಾಡುವಾಗ ಸರಿಯಾಗಿ ಆ ಜಾಗಕ್ಕೆ ಗುಲಾಬಿಯನ್ನೂ ಅರಳಿಸಿದ್ದೆ.

ಚಾಪೆಯ ಮೇಲಿನ ಆರೂ ಜನಕ್ಕೆ ಆ ಪದ ಒಂದೇ ಸಲಕ್ಕೆ ಬಾಯಿಗೆ ಬಂದುಬಿಟ್ಟಿತು. ನನ್ನ ಕೈ ತಾನಾಗಿಯೇ ಕೆಂಪು ವೈರನ್ನು ಹುಡುಕಿಕೊಂಡು ಟಿವಿಯ ಹಿಂದೆ ಹೋಯಿತು. ಅಕ್ಕ ಆ ಕೈ ಮೇಲೆ ಪಟ್ಟನೆ ಒಂದು ಕೊಟ್ಟು, ನಗು ಬಂದರೂ ನಗಬಾರದ ಗಂಟಲನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕ್ಯಾಲೆಂಡರಿನ ಹಾಳೆ ಎಳೆದುಕೊಂಡು ಏನೋ ಗೀಚಿ ನನ್ನ ಮುಂದೆ ಹಿಡಿದಳು.

"ಕಿವಿ ಸಿಕ್ತಾ?"