ಇಪ್ಪತ್ತು ಮಿಲಿಮೀಟರಿನ ಪೀಕಲಾಟ

ಹಲ್ಲಿನ ಡಾಕ್ಟರ ಕಷ್ಟವೆಲ್ಲ ಶುರುವಾದದ್ದು ಇಪ್ಪತ್ತು ಮಿಲಿಮೀಟರಿನಿಂದ. ಅವರ ಪುಟ್ಟ ಕೆಂಪು ಸ್ಪೋರ್ಟ್ಸ್ ಕಾರಿಗೆ ಇನ್ನೂರೈದು ಮಿಲಿಮೀಟರ್ ಅಗಲದ ಟೈರು ಸರಿಯೋ, ಇನ್ನೂರಿಪ್ಪತ್ತೈದರದೋ? ಬಾಯಿ ತೆರೆದು ಮಲಗಿದ ರೋಗಿಗಳನ್ನೂ ಕೇಳಿ ನೋಡಿದ್ದರು. ಯಾರೂ ಉತ್ತರಿಸುವ ಸ್ಥಿತಿಯಲ್ಲಿರಲಿಲ್ಲ.

ಮುಂದಿನ ಭಾನುವಾರ ರೇಸ್ ಟ್ರ್ಯಾಕಿನಲ್ಲಿ ಯಾರು ಬೇಕಾದರೂ ಸ್ವಂತ ಕಾರು ಓಡಿಸಬಹುದಾದ ದಿನ. ತಮ್ಮ ಕಾರು ಭಾವಮೈದನ ಕಾರಿಗಿಂತ ಬೇಗ ಒಂದು ಸುತ್ತು ಮುಗಿಸದಿದ್ದರೆ ಅದು ಅವನಿಗೇ ಎಂದು ಡಾಕ್ಟರು ಪೌರುಷ ಕೊಚ್ಚಿ ಬಾಜಿ ಕಟ್ಟಿದ್ದರು.

"ಅಗಲ ಇದ್ದಷ್ಟೂ ಹಿಡಿತ ಜಾಸ್ತಿ ಸಾರ್," ಅಂದರು ಪಕ್ಕದ ಮನೆಯ ಮೇಷ್ಟ್ರು. ಅವರ ಬಳಿ ಸೈಕಲ್ಲೂ ಇರಲಿಲ್ಲ.

"ಹಗುರ ಕಾರು ಕಣ್ರೀ," ಅಂದಳು ಹೆಂಡತಿ, ಪತ್ರಿಕೆಯಿಂದ ತಲೆಯೆತ್ತದೆ. "ಅಗಲದ ಟೈರು ಬಿಸಿಯಾಗೋಕೇ ಎಷ್ಟೋ ಹೊತ್ತು ಬೇಕು. ತಣ್ಣಗಿದ್ರೆ ಹಿಡಿತ ಎಲ್ಲಿಂದ ಬರುತ್ತೆ?"

ಡಾಕ್ಟರು ಮೇಷ್ಟ್ರ ಮಾತು ಕೇಳಿದರು.

ಟ್ರ್ಯಾಕಿನಲ್ಲಿ ಮೊದಲ ತಿರುವಿಗೇ ಕಾರು ಸೋಪಿನಂತೆ ಜಾರಿತು. ಎರಡನೆಯದರಲ್ಲಿ ಟೈರು ಮಡ್‌ಗಾರ್ಡಿಗೆ ಉಜ್ಜಿ 'ಗರ್ರ್' ಅಂದಿತು. "ತಗಡು ತಾನೆ, ಸ್ವಲ್ಪ ಬಡಿದ್ರಾಯ್ತು," ಎಂದು ಜೊತೆಗೆ ಬಂದಿದ್ದ ಮೇಷ್ಟ್ರು ಸುತ್ತಿಗೆ ತಂದರು. ಮಡ್‌ಗಾರ್ಡು ಸೊಟ್ಟಗಾಯಿತು, ಸದ್ದು ಹೋಗಲಿಲ್ಲ. ಡಾಕ್ಟರು ಬೆವರು ಸುರಿಸಿ ಸುತ್ತಿದ್ದೇ ಸುತ್ತಿದ್ದು.

"ಕೀ ರೆಡಿ ಇಟ್ಕೊಳ್ಳಿ ಭಾವ," ಅಂದ ಭಾವಮೈದ, ತನ್ನ ಸುತ್ತು ಮುಗಿಸಿ ಬೇಲಿಗೊರಗಿ.

ಡಾಕ್ಟರಿಗೆ ಅಳುವೇ ಬಂತು. "ನೀನು ನಿಧಾನಕ್ಕೆ ಓಡ್ಸೇ," ಎಂದರು ಹೆಂಡತಿಗೆ. "ಯಾವ ಚಕ್ರ ಉಜ್ಜುತ್ತೆ ಅಂತ ಪಕ್ಕದಲ್ಲಿ ಕೂತು ಕೇಳ್ತೀನಿ."

ಆಮೇಲೆ ಚಕ್ರದ ಸದ್ದಿನ ಕಡೆ ಅವರ ಗಮನವೇ ಹೋಗಲಿಲ್ಲ. ಎಂಥ ಕೈ ಅದು! ಮಲಗಿದ ಮಗುವಿನ ಮಗ್ಗುಲು ಬದಲಿಸಿದಷ್ಟು ನಯವಾಗಿ ಅವಳು ಸ್ಟೇರಿಂಗ್ ತಿರುಗಿಸುತ್ತಿದ್ದಳು. ಎಲ್ಲಿ ಬ್ರೇಕು ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಕಾರೇ ಅವಳ ಕಿವಿಯಲ್ಲಿ ಹೇಳುತ್ತಿತ್ತೇನೋ. ಡಾಕ್ಟರು ಒದ್ದಾಡಿ ಒದ್ದಾಡಿ ಟೈರು ಬೇರೆ ಹದವಾಗಿ ಬಿಸಿಯಾಗಿತ್ತು. ಭಯಕ್ಕೆ ಕಣ್ಣು ಮುಚ್ಚಿದ ಅವರು, ನೋಡದೆ ಇರಲಾರದೆ ಮತ್ತೆ ತೆರೆದರು.

ಸುತ್ತು ಮುಗಿದಾಗ ಭಾವಮೈದನಿಗಿಂತ ಮೂರು ಸೆಕೆಂಡು ಮುಂದೆ!

"ಉಳೀತು ಕಣೇ ನನ್ನ ಕಾರು!" ಡಾಕ್ಟರು ಕುಣಿಯುವುದೊಂದು ಬಾಕಿ.

"ಅಗಲ! ನಾನು ಹೇಳ್ಲಿಲ್ವೇ?" ಮೇಷ್ಟ್ರು ಎದೆಯುಬ್ಬಿಸಿದರು.

ಹೆಂಡತಿ ಮಾತ್ರ ಸ್ಟೇರಿಂಗ್ ಬಿಟ್ಟಿರಲಿಲ್ಲ. "ಇನ್ನೂ ಎರಡು ಸೆಕೆಂಡು ಕಮ್ಮಿ ಮಾಡ್ಬಹುದು ಕಣ್ರೀ."

"ಹೌದಾ? ಹೇಗೆ? ಇನ್ನೂರ ಮೂವತ್ತೈದು ಹಾಕಿಸ್ಲಾ?"

"ಟೈರು ಇರ್ಲಿ ಬಿಡಿ," ಅಂದಳು ಅವಳು. "ನೀವು ಇಳೀರಿ."

ಡಾಕ್ಟರು ಇಳಿದು, ಬೇಲಿಯ ಹತ್ತಿರ ಭಾವಮೈದನ ಪಕ್ಕ ಹೋಗಿ ನಿಂತರು.